ನಿಮ್ಮ ಗುಂಗುರು ಫ್ಯಾಷನ್, ಅವಳದ್ದು ಕಾಡು

ಗುಂಗುರು ಕೂದಲಿನ ಹುಡುಗಿಗೆ ನಮ್ಮ ಕಡೆ ಅಡ್ಡಹೆಸರಿಗೆ ಬರ ಇಲ್ಲ. ಶಾಲೆಯಲ್ಲಿ ಸಾಯಿಬಾಬಾ, ಕಾಲೇಜಿನಲ್ಲಿ ಮ್ಯಾಗಿ. ಹುಣಸೂರಿನಲ್ಲಿ ಓದಿದ ನನಗೆ ಎರಡೂ ಸಿಕ್ಕಿವೆ. ತಮಾಷೆ ನೋಡಿ, ಪುಟ್ಟಪರ್ತಿಯ ಬಾಬಾ ತಲೆ ಮೇಲೆ ಇದ್ದಾಗ ಅದೇ ಕೂದಲು ಪ್ರಭಾವಳಿ, ಫೋಟೊಗೆ ಹಾರ, ಊದುಬತ್ತಿ. ಹೆಣ್ಣುಮಗಳ ತಲೆ ಮೇಲೆ ಬಂದರೆ ಗುಬ್ಬಚ್ಚಿ ಗೂಡು. "ಒಂದು ಸ್ಮೂದನಿಂಗ್ ಮಾಡಿಸ್ಬಿಡವ್ವ, ಗಂಡಿನ ಕಡೆಯವರು ಬರ್ತಾರೆ" ಅನ್ನೋ ಸಲಹೆ ಫ್ರೀ.

ಇವೆಲ್ಲ ನಕ್ಕು ಮರೆಯುವ ಮಾತು ಅಂತಲೇ ಇಟ್ಟುಕೊಳ್ಳೋಣ. ನಗೋಕೆ ಆಗದ ಮಾತು ಬೇರೆ ಇದೆ. "ಏನೇ ಇದು, ಕಾಡಿನವರ ಥರ? ಬಾಚ್ಕೊ." ಬೆಂಗಳೂರಿನಲ್ಲಿ ಅದು ಬರೀ ಹೋಲಿಕೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಲ್ಲಿ ಕಾಡು ನಿಜವಾಗಿಯೂ ಪಕ್ಕದಲ್ಲಿದೆ, ಕಾಡಿನವರೂ ಇದ್ದಾರೆ. ಜೇನು ಕುರುಬರು, ಬೆಟ್ಟ ಕುರುಬರು, ಯರವರು. ಅವರಲ್ಲಿ ಎಷ್ಟೋ ಜನರ ಕೂದಲು ಹುಟ್ಟಿನಿಂದಲೇ ಗುಂಗುರು. ಎಣ್ಣೆ ಹಚ್ಚಿ ಎಳೆದು ಎರಡು ಜಡೆ ಹಾಕುವಾಗ ಆ ಬೈಗುಳ ಬಿದ್ದದ್ದು ನನ್ನ ಕಿವಿಗೆ, ಏಟು ಬಿದ್ದದ್ದು ಹಾಡಿಯಿಂದ ಬಂದು ಅದೇ ಬೆಂಚಿನಲ್ಲಿ ಕೂತ ಹುಡುಗಿಗೆ. ನಾನು ಬಾಚಿಕೊಂಡರೆ 'ನಮ್ಮವಳು' ಆಗ್ತೀನಿ. ಅವಳು ಏನು ಬಾಚಿಕೊಂಡರೂ ಹಾಡಿಯವಳೇ.

ಈ ಲೆಕ್ಕ ಇಂದು ನಿನ್ನೆಯದಲ್ಲ. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜನರ ಮೂಗು ಅಳೆದು, ಕೂದಲು ನೋಡಿ ಬರೆದಿಟ್ಟ. 1909ರಲ್ಲಿ ಅದು ಏಳು ಸಂಪುಟಗಳಾಗಿ ಬಂತು. ಆಮೇಲೆ ನಮ್ಮವರೇ ಆದ ಮಾನವಶಾಸ್ತ್ರಜ್ಞ ಬಿ.ಎಸ್. ಗುಹ, ಕಾಡಿನ ಬುಡಕಟ್ಟುಗಳ ಗುಂಗುರು ಕೂದಲನ್ನೇ ಸಾಕ್ಷಿ ಮಾಡಿಕೊಂಡು ಅವರಲ್ಲಿ 'ನೆಗ್ರಿಟೊ' ಅಂಶ ಇದೆ ಎಂದು ವಾದಿಸಿದರು. ಆ ಪುಸ್ತಕಗಳನ್ನು ನಮ್ಮ ಅಜ್ಜಿಯರು ಓದಿರಲಿಲ್ಲ. ಆದರೂ ಕೂದಲು ನೋಡಿ ಮನುಷ್ಯರನ್ನು ಮೇಲೆ ಕೆಳಗೆ ಜೋಡಿಸುವ ವಿದ್ಯೆ ನಮ್ಮ ಜಗಲಿಗಳಲ್ಲಿ ಚೆನ್ನಾಗಿಯೇ ಬೆಳೆದಿತ್ತು.

ಇದರ ಪೂರ್ತಿ ಬೆಲೆ ತೆರುವವರು ನಮ್ಮ ರಾಜ್ಯದಲ್ಲೇ ಇದ್ದಾರೆ, ಸಿದ್ದಿ ಹೆಣ್ಣುಮಕ್ಕಳು. ಶತಮಾನಗಳ ಹಿಂದೆ ಅವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದರು. ಇವತ್ತು ಯಲ್ಲಾಪುರ, ಹಳಿಯಾಳ, ಮುಂಡಗೋಡಿನಲ್ಲಿ ಅವರ ಮನೆಗಳಿವೆ, ಬಾಯಲ್ಲಿ ಕನ್ನಡ, ಕೊಂಕಣಿ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಇಷ್ಟಾದರೂ ಸಿದ್ದಿ ಹುಡುಗಿ ಮೆಜೆಸ್ಟಿಕ್ಕಿನಲ್ಲಿ ಇಳಿದರೆ ಆಟೋದವರು ಇಂಗ್ಲಿಷಿನಲ್ಲಿ ಕೇಳ್ತಾರೆ, ಯಾವ ದೇಶ ಅಂತ. ಅವಳು ಕನ್ನಡದಲ್ಲಿ ಉತ್ತರ ಕೊಟ್ಟರೂ "ನಿಜವಾಗ್ಲೂ?" ಅನ್ನೋದು ತಪ್ಪಲ್ಲ. ಕೂದಲು ಹೇಳಿದ್ದನ್ನು ನಾಲಿಗೆ ಸುಳ್ಳು ಮಾಡೋಕೆ ಆಗ್ತಿಲ್ಲ.

ಅಮೆರಿಕದ ಕಪ್ಪು ಹೆಣ್ಣುಮಕ್ಕಳು ಈ ಜಗಳವನ್ನು ಕೋರ್ಟಿನವರೆಗೆ ಒಯ್ದಿದ್ದಾರೆ. 2010ರಲ್ಲಿ ಅಲಬಾಮಾದ ಚಾಸ್ಟಿಟಿ ಜೋನ್ಸ್‌ಗೆ ಕಂಪನಿಯೊಂದು ಕೆಲಸ ಕೊಟ್ಟು, ತಲೆಯ ಡ್ರೆಡ್‌ಲಾಕ್ಸ್ ತೆಗೆಯಲ್ಲ ಅಂದದ್ದಕ್ಕೆ ವಾಪಸ್ ಕಿತ್ತುಕೊಂಡಿತು. 2016ರಲ್ಲಿ ಮೇಲ್ಮನವಿ ಕೋರ್ಟು ಹೇಳಿದ್ದು: ಕೂದಲಿನ ಶೈಲಿ ಬದಲಿಸಿಕೊಳ್ಳಬಹುದಾದದ್ದು, ಹಾಗಾಗಿ ಇದು ಜನಾಂಗ ತಾರತಮ್ಯ ಅಲ್ಲ. ನಮ್ಮ ಪಾರ್ಲರ್ ಅಕ್ಕನ ವಾದವೂ ಇದೇ ತಾನೆ? "ಬದಲಾಯಿಸ್ಕೋಬೋದಲ್ಲ ಮೇಡಂ, ಮತ್ಯಾಕೆ ಹಿಂಗೇ ಇರ್ತೀರ?" 2019ರಲ್ಲಿ ಕ್ಯಾಲಿಫೋರ್ನಿಯಾ 'ಕ್ರೌನ್ ಆಕ್ಟ್' ತಂದು, ಹುಟ್ಟಿದ ಕೂದಲಿಗಾಗಿ ಕೆಲಸ, ಶಾಲೆ ತಪ್ಪಿಸಬಾರದು ಅಂತ ಕಾನೂನು ಮಾಡಬೇಕಾಯಿತು. ಬದಲಾಯಿಸಿಕೊಳ್ಳೋದಕ್ಕೂ ದುಡ್ಡು ಮಾತ್ರ ಬೆಲೆ ಅಲ್ಲ. 33,000ಕ್ಕೂ ಹೆಚ್ಚು ಅಮೆರಿಕನ್ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂದಲು ನೇರ ಮಾಡುವ ರಾಸಾಯನಿಕವನ್ನು ಪದೇಪದೇ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚು ಕಂಡಿತು. ಅದನ್ನು ಬಳಸಿದ್ದವರಲ್ಲಿ ಹೆಚ್ಚಿನವರು ಕಪ್ಪು ಹೆಣ್ಣುಮಕ್ಕಳು.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ಗುಂಗುರು ಫ್ಯಾಷನ್ ಆಗಿದೆ, ಒಳ್ಳೇದು, ನನಗೂ ಖುಷಿ. ಸ್ಯಾಟಿನ್ ದಿಂಬಿನ ಕವರ್, ಲೀವ್-ಇನ್ ಕಂಡೀಷನರ್, "ನಂದು ಟೈಪ್ 3, ನಿಂದು?" ಅನ್ನೋ ಮಾತು. ಟೈಪ್ ಲೆಕ್ಕ ಹಾಕಿಕೊಟ್ಟದ್ದು ಓಪ್ರಾ ವಿನ್‌ಫ್ರೇಗೆ ಕೇಶವಿನ್ಯಾಸ ಮಾಡುತ್ತಿದ್ದ ಕಪ್ಪು ಮನುಷ್ಯ ಆಂಡ್ರೆ ವಾಕರ್. ರಾತ್ರಿ ತಲೆಗೆ ಸ್ಯಾಟಿನ್ ಸುತ್ತಿಕೊಂಡು ಮಲಗೋದು ಕಪ್ಪು ಅಜ್ಜಿ, ಅಮ್ಮಂದಿರಿಂದ ಬಂದ ವಿದ್ಯೆ. ವಿದ್ಯೆ ಬೇಕು, ಅವರು ಬೇಡ. ಅಪಾರ್ಟ್‌ಮೆಂಟಿನಲ್ಲಿ 'ಆಫ್ರಿಕನ್ಸ್‌ಗೆ ಬಾಡಿಗೆಗೆ ಕೊಡಬೇಡಿ' ಅಂದಾಗ ನಮ್ಮ ಕರ್ಲಿ ಗುಂಪೆಲ್ಲ ಮೌನ. 2016ರ ಜನವರಿ 31ರ ರಾತ್ರಿ ಇದೇ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನವನೊಬ್ಬನ ಕಾರು ಹರಿದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಎಳೆದು ಹೊಡೆದರು, ಬಟ್ಟೆ ಹರಿದರು. ಅಪಘಾತಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ. ನೋಡೋಕೆ 'ಅವರ ಥರ' ಇದ್ದಳು, ಅಷ್ಟು ಸಾಕಾಯಿತು.

"ಕೂದಲಿಗೂ ಜಾತಿ, ಬಣ್ಣ ತರಬೇಡಿ" ಅನ್ನುವವರು ಇರ್ತಾರೆ. ತಂದದ್ದು ನಾನಲ್ಲ. "ಹೇನು ಆಗುತ್ತೆ, ಅದಕ್ಕೇ ಶಿಸ್ತು" ಅನ್ನುವ ಮೇಷ್ಟ್ರುಗಳೂ ಇದ್ದಾರೆ. ಹೇನು ಹರಡೋದು ತಲೆಗೆ ತಲೆ ತಾಗಿ, ಗುಂಗುರಿನಿಂದಲ್ಲ. ಇಷ್ಟಪಟ್ಟು ನೇರ ಮಾಡಿಸಿಕೊಳ್ಳುವವರ ಮೇಲೆ ನನಗೆ ತಕರಾರೇ ಇಲ್ಲ. ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಅಂತ ಗಾದೆಯೇ ಇದೆ. ಮಾಡಿಸಿಕೊಳ್ಳದೆ ಇದ್ದರೆ ಕೆಲಸ, ಸಂಬಂಧ, ಬಾಡಿಗೆ ಮನೆ, ಕೊನೆಗೆ ಮರ್ಯಾದೆ ತಪ್ಪುತ್ತೆ ಅಂತಾದರೆ ಅದನ್ನು ಇಷ್ಟ ಅನ್ನೋದು ಹೇಗೆ?

ಆಫೀಸಿನ ಗ್ರೂಮಿಂಗ್ ಟ್ರೇನಿಂಗಿನಲ್ಲಿ 'ನೀಟ್ ಹೇರ್' ಅನ್ನೋ ಸ್ಲೈಡ್ ಬಂದಾಗ, ನೀಟ್ ಅಂದರೆ ಯಾರ ಕೂದಲು ಅಂತ ಕೇಳಿ. ಬಾಡಿಗೆ ಮೀಟಿಂಗಿನಲ್ಲಿ ಬಾಯಿ ಬಿಡಿ. ಹಬ್ಬಕ್ಕೆ ಊರಿಗೆ ಹೋದಾಗ, ಹುಣಸೂರೋ ಕೆ.ಆರ್. ನಗರವೋ, ಮನೆಯಲ್ಲಿ ಯಾರಾದರೂ ಮಗುವಿನ ಸಿಕ್ಕು ಬಿಡಿಸುತ್ತಾ "ಕಾಡಿನವಳ ಥರ" ಅಂದರೆ, ಅತ್ತೆಯಾಗಲಿ ಅಮ್ಮನಾಗಲಿ, ಊಟದ ಎಲೆ ಮುಂದೆಯೇ ಕೇಳಿ: "ಕಾಡಿನವಳ ಥರ ಇದ್ದರೆ ಏನೀಗ?"