ಒಂದೇ ಪಂದ್ಯಕ್ಕೆ ಮುಗಿಯುವ ಸೀಸನ್

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಈ ವರ್ಷ ತಾಲ್ಲೂಕು ಮಟ್ಟದ ಮೊದಲ ಪಂದ್ಯದಲ್ಲೇ ಸೋತಿತು. ಅಲ್ಲಿಗೆ ಸೀಸನ್ ಮುಗಿಯಿತು. ಮಳೆಗಾಲವಿಡೀ ಕೆಸರಿನಲ್ಲಿ ಅಭ್ಯಾಸ ಮಾಡಿದವರಿಗೆ ಸಿಕ್ಕಿದ್ದು ಅದೊಂದೇ ಆಟ. "ಇನ್ನು ತಂಡ ಯಾಕೆ?" ಎಂದು ಕೆಲವರು ಕೇಳುತ್ತಿದ್ದಾರೆ. ನಾಕೌಟ್ ಪದ್ಧತಿಯಲ್ಲಿ ಸೋತ ತಂಡಕ್ಕೆ ಕಲಿಯಲು ಅವಕಾಶವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

2022-23ರ ಸಂತೋಷ್ ಟ್ರೋಫಿಯನ್ನೇ ನೋಡಿ. ಅಂತಿಮ ಹಂತದ ಗುಂಪಿನಲ್ಲಿ 6 ತಂಡಗಳು, ಪ್ರತಿ ತಂಡಕ್ಕೂ 5 ಪಂದ್ಯ. ಕರ್ನಾಟಕ ಎಲ್ಲವನ್ನೂ ಗೆಲ್ಲಲಿಲ್ಲ. ಗುಂಪಿನಲ್ಲಿ ಎರಡನೆಯ ಸ್ಥಾನ ಪಡೆಯಿತು. ಆದರೂ ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವನ್ನು 3-1ರಿಂದ, 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿತು. 54 ವರ್ಷಗಳ ನಂತರ ಟ್ರೋಫಿ ನಮ್ಮ ರಾಜ್ಯಕ್ಕೆ ಬಂತು.

ಶಿಕಾರಿಪುರ, ಸೊರಬದ ನಾಲ್ಕು ಕಾಲೇಜುಗಳು ಸೇರಿದರೂ ಇಂಥದ್ದು ಸಾಧ್ಯ. ಎಲ್ಲರೂ ಎಲ್ಲರೊಂದಿಗೆ ಆಡಿದರೆ ಒಟ್ಟು 6 ಪಂದ್ಯ, ತಂಡಕ್ಕೆ 3. ಮೂರು ಭಾನುವಾರ ಸಾಕು. ಬೆಳಿಗ್ಗೆಯೇ ಆಡಿಸಿದರೆ ಬಂದಳಿಕೆ ಕಡೆಯಿಂದ ಬರುವ ನಮಗೆ ಹೊತ್ತಿಗೆ ಸರಿಯಾಗಿ ಬಸ್ಸೂ ಸಿಗುತ್ತದೆ. "ಪರೀಕ್ಷೆ ಇಟ್ಟುಕೊಂಡು ಆಟವೇ?" ಎಂದು ಮನೆಯಲ್ಲಿ ಅಮ್ಮಿ ಕೇಳುತ್ತಾರೆ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ನಡೆಸಿದರೆ ಅವರ ಆತಂಕಕ್ಕೂ ಉತ್ತರ ಸಿಗುತ್ತದೆ.

ವಾಣಿಜ್ಯ ವಿದ್ಯಾರ್ಥಿಯಾಗಿ ಒಂದು ಮಾತು: ಒಂದು ದಿನದ ವ್ಯಾಪಾರ ನೋಡಿ ಯಾರೂ ಅಂಗಡಿ ಮುಚ್ಚುವುದಿಲ್ಲ. ಪ್ರಾಂಶುಪಾಲರಲ್ಲಿ, ದೈಹಿಕ ಶಿಕ್ಷಣ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ. ತಂಡ ಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಅದಕ್ಕೆ ಮೂರು ಪಂದ್ಯ ಕೊಡಿಸಿ.