ಎಲ್ಲರೂ ಅಬಾಯ ಮಾರಿದರೆ ಕೊಳ್ಳುವವರು ಯಾರು? ಗಡಿನಾಡ ಯುವಕರ ಆನ್‌ಲೈನ್ ವ್ಯಾಪಾರದ ಲೆಕ್ಕಾಚಾರ

ಕುಂಬಳೆ, ಉಪ್ಪಳ, ಮಂಜೇಶ್ವರದಿಂದ ಹಿಡಿದು ಉಳ್ಳಾಲ, ದೇರಳಕಟ್ಟೆವರೆಗೆ ಯಾರ ಮೊಬೈಲ್‌ನಲ್ಲಿ ಇನ್‌ಸ್ಟಾಗ್ರಾಂ ತೆರೆದರೂ ಕಾಣುವುದು ಹೆಚ್ಚುಕಮ್ಮಿ ಒಂದೇ ನೋಟ. ಅಬಾಯ, ಮಫ್ತ, ಅತ್ತರ್, ಖರ್ಜೂರ, ಮತ್ತೆ ಅಬಾಯ. ಪುಟದ ಹೆಸರು ಬೇರೆ, ಮಾಲು ಒಂದೇ. ಹಲವು ಸಲ ಫೋಟೋ ಕೂಡ ಒಂದೇ, ಏಕೆಂದರೆ ಸಗಟು ವ್ಯಾಪಾರಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಚಿತ್ರವನ್ನೇ ಎಲ್ಲರೂ ತಮ್ಮ ಪುಟಕ್ಕೆ ಏರಿಸಿರುತ್ತಾರೆ.

ಇದರ ಹಿಂದಿನ ಕಾರಣ ಸಣ್ಣದಲ್ಲ. ಗಲ್ಫ್‌ನ ಬಾಗಿಲು ಹಿಂದಿನಷ್ಟು ಅಗಲವಾಗಿ ತೆರೆದಿಲ್ಲ. ಸೌದಿಯಲ್ಲಿ 2011ರಲ್ಲಿ ಶುರುವಾದ ನಿತಾಕತ್, 2017ರ ಜುಲೈಯಿಂದ ಕುಟುಂಬದ ಪ್ರತಿಯೊಬ್ಬ ಸದಸ್ಯನ ಮೇಲೆ ಬಿದ್ದ ತಿಂಗಳ ಶುಲ್ಕ, ಆಮೇಲೆ ಬಂದ ಕೊರೋನ, ಇವೆಲ್ಲ ಸೇರಿ ಎಷ್ಟೋ ಮನೆಗಳ ಗಂಟುಮೂಟೆ ಕಟ್ಟಿಸಿದವು. ಮರಳಿ ಬಂದವರ ಕೈಯಲ್ಲಿ ಸ್ವಲ್ಪ ಉಳಿತಾಯ, ಮನೆಯ ಹೆಣ್ಮಕ್ಕಳ ಕೈಯಲ್ಲಿ ಸ್ಮಾರ್ಟ್‌ಫೋನ್. ಅಂಗಡಿ ಬಾಡಿಗೆ ಬೇಡ, ಮುಂಗಡ ಬೇಡ, ಮನೆಯಿಂದಲೇ ವ್ಯಾಪಾರ. ಯೋಚನೆ ತಪ್ಪಲ್ಲ. ತಪ್ಪುವುದು ‘ಏನು ಮಾರುವುದು’ ಎಂಬ ಪ್ರಶ್ನೆಯಲ್ಲಿ. ‘ಅವ್ನು ಮಾಡ್ತಾನೆ, ಚೆನ್ನಾಗಿ ಹೋಗ್ತದೆ, ನಾವೂ ಮಾಡುವ’ ಎಂಬಲ್ಲಿಗೆ ವಿಚಾರ ಮುಗಿದುಬಿಡುತ್ತದೆ. ಆ ಒಂದು ಮಾತಿನ ಮೇಲೆ ಉಮ್ಮನ ಒಡವೆ ಬ್ಯಾಂಕಿಗೆ ಹೋಗುತ್ತದೆ, ಕೋಣೆಯ ತುಂಬ ಸ್ಟಾಕ್ ಬರುತ್ತದೆ.

ಪಾರ್ಸೆಲ್ ಹೋಗುವುದು ಲಾಭವಲ್ಲ

ಆನ್‌ಲೈನ್ ವ್ಯಾಪಾರದ ನಿಜವಾದ ಲೆಕ್ಕ ಪಾರ್ಸೆಲ್ ಹೊರಟಾಗ ಆಗುವುದಿಲ್ಲ, ಅದು ವಾಪಸ್ ಬರುತ್ತದೋ ಇಲ್ಲವೋ ಎಂಬಲ್ಲಿ ಆಗುತ್ತದೆ. ಒಂದು ಉದಾಹರಣೆ ನೋಡಬಹುದು. ತೆರಿಗೆಯನ್ನು ಸದ್ಯ ಬದಿಗಿಡೋಣ. ಅಬಾಯ ಒಂದರ ಖರೀದಿ ಬೆಲೆ 600 ರೂ., ಮಾರಾಟ 999 ರೂ. ಒಂದು ಆರ್ಡರ್ ಹಿಡಿಯಲು ಜಾಹೀರಾತಿಗೆ 120, ಕೊರಿಯರ್‌ಗೆ 80, ಪ್ಯಾಕಿಂಗ್‌ಗೆ 15 ರೂ. ಎಂದುಕೊಂಡರೆ ಉಳಿಯುವುದು 184 ರೂ.

ಈಗ ಕ್ಯಾಶ್ ಆನ್ ಡೆಲಿವರಿಯಲ್ಲಿ ಹತ್ತು ಪಾರ್ಸೆಲ್ ಕಳಿಸಿ, ಮೂರು ವಾಪಸ್ ಬಂತು ಎನ್ನಿ. ಅಳತೆ ಸರಿ ಇಲ್ಲ, ಫೋಟೋದ ಬಣ್ಣ ಬೇರೆ, ‘ಮನೆಯಲ್ಲಿ ಯಾರೂ ಇರಲಿಲ್ಲ’, ಕಾರಣ ಏನೂ ಇರಬಹುದು. ಮಾರಾಟವಾದ ಏಳರಿಂದ 1,288 ರೂ. ಸಿಕ್ಕಿತು. ವಾಪಸ್ ಬಂದ ಪ್ರತಿಯೊಂದಕ್ಕೂ ಜಾಹೀರಾತು, ಹೋಗುವ ಮತ್ತು ಬರುವ ಕೊರಿಯರ್, ಪ್ಯಾಕಿಂಗ್ ಸೇರಿ 295 ರೂ. ನಷ್ಟ, ಮೂರಕ್ಕೆ 885. ಕೊನೆಗೆ ಉಳಿದದ್ದು 403 ರೂ. ಇನ್ನೊಂದೇ ಒಂದು ಪಾರ್ಸೆಲ್ ವಾಪಸ್ ಬಂದರೆ, ಅಂದರೆ ಹತ್ತರಲ್ಲಿ ನಾಲ್ಕು, ಲೆಕ್ಕ 76 ರೂ. ನಷ್ಟಕ್ಕೆ ಇಳಿಯುತ್ತದೆ. ಆರು ಗ್ರಾಹಕರು ಖುಷಿಯಿಂದ ಕೊಂಡಿದ್ದಾರೆ, ರೀಲ್ಸ್‌ಗೆ ಲೈಕ್ ಬಂದಿದೆ, ಆದರೂ ಕೈಯಿಂದ ದುಡ್ಡು ಹೋಗಿದೆ.

ಇನ್ನೊಂದು ಬದಿಯಲ್ಲಿ ಹಲಸಿನ ಹಪ್ಪಳದ ಕಟ್ಟು. ತಯಾರಿಗೆ 180 ರೂ., ಮಾರಾಟ 350, ಕೊರಿಯರ್ 60, ಪ್ಯಾಕಿಂಗ್ 20. ಹಳೆಯ ಗ್ರಾಹಕರೇ ಮತ್ತೆ ಕೇಳುವುದರಿಂದ ಜಾಹೀರಾತಿನ ಖರ್ಚಿಲ್ಲ, ಹಣ ಮೊದಲೇ ಬರುತ್ತದೆ. ಒಂದಕ್ಕೆ 90 ರೂ. ಉಳಿಯುತ್ತದೆ, ಹತ್ತಕ್ಕೆ 900. ಹತ್ತರಲ್ಲಿ ಒಂದು ಪುಡಿಯಾಗಿ ವಾಪಸ್ ಬಂದು ಮಾಲೂ ಹೋಯಿತು, ಎರಡು ಕಡೆಯ ಕೊರಿಯರೂ ಹೋಯಿತು ಎಂದರೂ 490 ರೂ. ಕೈಯಲ್ಲಿರುತ್ತದೆ. ದೊಡ್ಡ ಬೆಲೆಯ ಅಬಾಯಕ್ಕಿಂತ ಸಣ್ಣ ಬೆಲೆಯ ಹಪ್ಪಳ ಮೇಲು! ಪ್ರತಿಯೊಬ್ಬರ ಅಂಕಿ ಬೇರೆ ಇರಬಹುದು. ಆದರೆ ಲೆಕ್ಕದ ದಾರಿ ಇದೇ.

ಮಾರುಕಟ್ಟೆ ಆ್ಯಪ್‌ಗಳ ‘ಶೂನ್ಯ ಕಮಿಷನ್’ ಎಂಬ ಮಾತನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಮೀಶೋ 2021ರಲ್ಲೇ ಕಮಿಷನ್ ತೆಗೆದಿತ್ತು. ಅಮೆಝಾನ್ 2025ರ ಏಪ್ರಿಲ್‌ನಲ್ಲಿ 300 ರೂ.ಗಿಂತ ಕಡಿಮೆ ಬೆಲೆಯ ಹಲವು ವಿಭಾಗಗಳ ವಸ್ತುಗಳಿಗೆ ಅದನ್ನು ಕೈಬಿಟ್ಟಿತು. ಮಾರುವವರಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಕಮಿಷನ್ ಹೋದರೂ ಸಾಗಾಟದ ಖರ್ಚು ಮತ್ತು ವಾಪಸಾತಿಯ ನಷ್ಟ ಎಲ್ಲಿಗೂ ಹೋಗುವುದಿಲ್ಲ.

ತಲಪಾಡಿ ದಾಟಿದರೆ ಬೇರೆ ಕಾನೂನು

ಬೇರೆ ಊರಿನ ವ್ಯಾಪಾರಿಗೆ ಇಲ್ಲದ ಒಂದು ತೊಡಕು ಗಡಿನಾಡಿನವರಿಗೆ ಇದೆ. ಮಂಜೇಶ್ವರದ ಮದುವೆ, ಆಸ್ಪತ್ರೆ, ಕಾಲೇಜು, ಬಟ್ಟೆ ಖರೀದಿ ಎಲ್ಲವೂ ಮಂಗಳೂರಿನ ಕಡೆಗೆ. ಸಂಬಂಧಿಕರು ಅಲ್ಲೇ, ಗ್ರಾಹಕರೂ ಅಲ್ಲೇ. ಆದರೆ ಜಿಎಸ್‌ಟಿ ಕಾನೂನಿಗೆ ಸಂಬಂಧ ಗೊತ್ತಿಲ್ಲ, ರಾಜ್ಯದ ಗಡಿ ಮಾತ್ರ ಗೊತ್ತು.

ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂ. ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂಬುದು ಕೇರಳದಲ್ಲೂ ಕರ್ನಾಟಕದಲ್ಲೂ ಸಾಮಾನ್ಯ ನಿಯಮ. 2023ರ ಅಕ್ಟೋಬರ್ 1ರಿಂದ ಈ ಸಣ್ಣ ವ್ಯಾಪಾರಿಗಳು ನೋಂದಣಿ ಇಲ್ಲದೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆ ಮಾತ್ರ ಪಡೆದು, ಆನ್‌ಲೈನ್ ಮಾರುಕಟ್ಟೆಗಳಲ್ಲೂ ಮಾರಬಹುದು. ಆದರೆ ಇವೆಲ್ಲ ಒಂದೇ ರಾಜ್ಯದ ಒಳಗಿನ ಮಾರಾಟಕ್ಕೆ. ತೆರಿಗೆ ಇರುವ ಸರಕನ್ನು ಇನ್ನೊಂದು ರಾಜ್ಯದ ಗ್ರಾಹಕನಿಗೆ ಕಳಿಸಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ವಹಿವಾಟು ಎಷ್ಟೇ ಸಣ್ಣದಿದ್ದರೂ ರಿಯಾಯಿತಿ ಇಲ್ಲ. ಅಂದರೆ ಮಂಜೇಶ್ವರದ ಹುಡುಗನೊಬ್ಬ ಕೇರಳದ ಇನ್ನೊಂದು ತುದಿಯ ತಿರುವನಂತಪುರಕ್ಕೆ ನೋಂದಣಿ ಇಲ್ಲದೆ ಅಬಾಯ ಕಳಿಸಬಹುದು. ಕೆಲವೇ ಕಿಲೋಮೀಟರ್ ದೂರದ ಉಳ್ಳಾಲಕ್ಕೆ ಕಳಿಸುವಂತಿಲ್ಲ. ಉಳ್ಳಾಲದ ಹುಡುಗಿ ಬೀದರ್‌ವರೆಗೂ ಮಾರಬಹುದು. ಉಪ್ಪಳದ ಅತ್ತೆ ಮಗಳಿಗೆ ಮಾರುವಂತಿಲ್ಲ. ನೋಂದಣಿ ಮಾಡದೆ ಮಾರಿ ಸಿಕ್ಕಿಬಿದ್ದರೆ ದಂಡ 10,000 ರೂ. ಅಥವಾ ತಪ್ಪಿಸಿದ ತೆರಿಗೆ, ಎರಡರಲ್ಲಿ ಯಾವುದು ಹೆಚ್ಚೋ ಅದು.

‘ಇಷ್ಟು ಸಣ್ಣ ಪಾರ್ಸೆಲ್ ಯಾರು ನೋಡ್ತಾರೆ’ ಎನ್ನುವವರಿದ್ದಾರೆ. ಹಣ ಯುಪಿಐಯಲ್ಲಿ ಬರುತ್ತದೆ, ಪಾರ್ಸೆಲ್‌ನ ದಾಖಲೆ ಕೊರಿಯರ್ ಕಂಪೆನಿಯಲ್ಲಿ ಇರುತ್ತದೆ. ವ್ಯಾಪಾರ ಬೆಳೆದ ದಿನ ಹಳೆಯ ಲೆಕ್ಕವೂ ಎದ್ದು ಬರುತ್ತದೆ. ಮಂಗಳೂರಿನಲ್ಲಿರುವ ಭಾವನ ಹೆಸರಿನಲ್ಲಿ ಬಿಲ್ ಹಾಕುವುದು ಇದಕ್ಕೆ ಪರಿಹಾರವಲ್ಲ, ಅದು ತೊಂದರೆಯನ್ನು ಇನ್ನೊಂದು ಮನೆಗೆ ದಾಟಿಸುವುದಷ್ಟೇ.

ಗಡಿನಾಡಿನವರ ಮುಂದೆ ನೇರವಾದ ದಾರಿಗಳು ಮೂರು. ಮೊದಲನೆಯದು, ನೋಂದಣಿ ಮಾಡಿಕೊಂಡೇ ಶುರು ಮಾಡುವುದು. ಆಗ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ರಿಟರ್ನ್ಸ್ ತಪ್ಪದೆ ಸಲ್ಲಿಸಬೇಕು. ವ್ಯಾಪಾರ ಆಗದ ಅವಧಿಯದ್ದು ತಡವಾದರೂ ದಿನಕ್ಕೆ 20 ರೂ., ವ್ಯಾಪಾರ ಆದ ಅವಧಿಯದ್ದಕ್ಕೆ 50 ರೂ. ತಡಶುಲ್ಕ ಬೀಳುತ್ತದೆ. ಎರಡನೆಯದು, ಮೊದಲು ಸ್ವಂತ ರಾಜ್ಯದೊಳಗೆ ಮಾರಿ ಮಾಲನ್ನು ಪರೀಕ್ಷಿಸುವುದು. ಮೂರನೆಯದು, ತೆರಿಗೆಯೇ ಇಲ್ಲದ ವಸ್ತುವನ್ನು ಆರಿಸುವುದು. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಗಾಜಿನ ಬಳೆಗೆ ಇಲ್ಲ, ಮುದ್ರಿತ ಪುಸ್ತಕಕ್ಕೆ ಇಲ್ಲ. 2025ರ ಸೆಪ್ಟಂಬರ್ 22ರಿಂದ ಚಪಾತಿ, ಪರೋಟ ಕೂಡ ಈ ಪಟ್ಟಿಗೆ ಸೇರಿವೆ. ಇಂಥ ವಸ್ತುಗಳನ್ನು ಮಾತ್ರ ಮಾರುವವನಿಗೆ ತಲಪಾಡಿ ದಾಟಲು ನೋಂದಣಿ ಬೇಕಾಗಿಲ್ಲ. ಸರಕಾರ ಗುರುತಿಸಿದ ಕೈಕಸುಬಿನ ವಸ್ತುಗಳಿಗೂ ಒಂದು ಮಿತಿಯವರೆಗೆ ವಿನಾಯಿತಿ ಇದೆ. ಆದರೆ ಅದಕ್ಕೆ ಪಾನ್ ಮತ್ತು ಇ-ವೇ ಬಿಲ್ ಬೇಕು.

ಬೆಲೆ ಇಡುವಾಗಲೂ ತೆರಿಗೆ ನೆನಪಿರಲಿ. ಹೊಸ ದರದ ಪ್ರಕಾರ ಒಂದು ಉಡುಪಿಗೆ 2,500 ರೂ.ವರೆಗೆ ಶೇ.5, ಅದಕ್ಕಿಂತ ಹೆಚ್ಚಾದರೆ ಶೇ.18. ಅಂದರೆ 2,500 ರೂ. ಬೆಲೆಯ ಅಬಾಯ ಗ್ರಾಹಕನಿಗೆ 2,625ಕ್ಕೆ ಸಿಗುತ್ತದೆ, 2,600 ರೂ. ಬೆಲೆಯದ್ದು 3,068 ಆಗುತ್ತದೆ. ನೂರು ರೂಪಾಯಿ ಆಸೆಗೆ ಗ್ರಾಹಕ 443 ರೂ. ಹೆಚ್ಚು ಕೊಡಬೇಕು. ಅವನು ಮುಂದಿನ ಪುಟಕ್ಕೆ ಹೋಗುತ್ತಾನೆ.

ಸೂಟ್‌ಕೇಸ್‌ನಲ್ಲಿ ಬಂದ ಅತ್ತರ್

‘ದುಬೈಯಿಂದ ಬರುವಾಗ ಹತ್ತು ಬಾಟಲಿ ತಂದರೆ ಖರ್ಚು ಕಳೆದು ಲಾಭ’ ಎಂಬುದು ಹಳೆಯ ಮಾತು. ಪ್ರಯಾಣಿಕನ ಬ್ಯಾಗೇಜಿಗೆ ಸಿಗುವ ರಿಯಾಯಿತಿ ಸ್ವಂತ ಬಳಕೆಗೆ, ವ್ಯಾಪಾರಕ್ಕಲ್ಲ. ಸೌಂದರ್ಯವರ್ಧಕ ವಸ್ತುಗಳನ್ನು ಆಮದು ಮಾಡಿ ಮಾರಬೇಕಾದರೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಆಗಿರಬೇಕು. ಆಲ್ಕೋಹಾಲ್ ಇರುವ ಪರ್ಫ್ಯೂಮ್ ಬೆಂಕಿ ಹಿಡಿಯುವ ವಸ್ತು, ಆದ್ದರಿಂದ ವಿಮಾನದಲ್ಲಿ ಅದರ ಸಾಗಾಟಕ್ಕೆ ಕಟ್ಟುಪಾಡು ಇದೆ. ಮಕ್ಕಳ ಆಟಿಕೆ ತರುವವರಿಗೆ ಇನ್ನೊಂದು ಮಾತು: 2021ರ ಜನವರಿ 1ರಿಂದ ಬಿಐಎಸ್ ಗುರುತಿಲ್ಲದ ಆಟಿಕೆ ಮಾರುವಂತಿಲ್ಲ. ತಿಂಡಿ ತಿನಿಸು ಮಾರುವವರು ಮನೆಯ ಅಡುಗೆ ಕೋಣೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅದರ 14 ಅಂಕಿಯ ಸಂಖ್ಯೆ ಪ್ಯಾಕೆಟ್ ಮೇಲೆ ಇರಬೇಕು.

ಒಂದೇ ಮಾರುಕಟ್ಟೆಯನ್ನು ನಂಬಿ ಕೂರುವುದೂ ಅಪಾಯ. ಅಡಿಕೆ ಹಾಳೆ ತಟ್ಟೆಯನ್ನು ಕರಾವಳಿಯವರು ಜಗತ್ತಿಗೇ ಮಾರುತ್ತಿದ್ದರು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆ ತಟ್ಟೆಗಳ ಆಮದಿನ ಮೇಲೆ ಎಚ್ಚರಿಕೆ ಹೊರಡಿಸಿತು. ಅಮೆರಿಕವನ್ನೇ ನೆಚ್ಚಿದವರಿಗೆ ಏಟು ಬಿತ್ತು. ಊರಿನ ಮದುವೆ ಮನೆಗಳಿಗೂ ಹೋಟೆಲ್‌ಗಳಿಗೂ ಕೊಡುತ್ತಿದ್ದವರಿಗೆ ಇನ್ನೊಂದು ಬಾಗಿಲಾದರೂ ಇತ್ತು.

ಹಾಗಾದರೆ ಏನು ಮಾರುವುದು?

ಅಬಾಯ ಬೇಡ ಎಂದಲ್ಲ. ‘ಅಬಾಯ’ ಎಂಬುದು ತೀರಾ ಅಗಲವಾದ ಮಾರುಕಟ್ಟೆ, ಅಲ್ಲಿ ಗೆಲ್ಲುವುದು ಹೆಚ್ಚು ಬಂಡವಾಳ ಇದ್ದವನು. ಅದನ್ನು ಕಿರಿದು ಮಾಡಿದರೆ ಸಣ್ಣವನಿಗೂ ಜಾಗ ಸಿಗುತ್ತದೆ. ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಲ್ಲಿ ಓದುವ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಹೆಣ್ಮಕ್ಕಳಿಗೆ ಕೋಟಿನ ಕೆಳಗೆ ಸರಿಯಾಗಿ ಕೂರುವ ಉದ್ದ ತೋಳಿನ ಒಳ ಉಡುಪು ಬೇಕು, ಪಿನ್ ಇಲ್ಲದೆ ನಿಲ್ಲುವ ಮಫ್ತ ಬೇಕು. ಎತ್ತರದವರಿಗೆ, ದಪ್ಪ ಮೈಯವರಿಗೆ, ಮಗುವಿಗೆ ಹಾಲುಣಿಸುವ ತಾಯಂದಿರಿಗೆ ಹೊಂದುವ ಅಳತೆ ರೆಡಿಮೇಡ್‌ನಲ್ಲಿ ಸಿಗುವುದು ಕಷ್ಟ. ಅಳತೆ ಪಡೆದು ಹೊಲಿದು, ಮುಂಗಡ ಹಣ ಪಡೆದು ಕಳಿಸಿದರೆ ವಾಪಸಾತಿ ಕಡಿಮೆಯಾಗುತ್ತದೆ, ಸ್ಟಾಕ್ ಕೊಳೆಯುವುದಿಲ್ಲ. ಊರಿನ ಟೈಲರ್‌ಗೂ ಕೆಲಸ ಸಿಗುತ್ತದೆ.

ಆಹಾರದಲ್ಲೂ ಹಾಗೆಯೇ. ಬೆಂಗಳೂರಿನಲ್ಲಿ, ಪುಣೆಯಲ್ಲಿ ಇರುವ ಬ್ಯಾರಿ ಮನೆಯವರಿಗೆ ಊರಿನ ಒಣಮೀನು, ಮೀನಿನ ಉಪ್ಪಿನಕಾಯಿ, ಕೋರಿ ರೊಟ್ಟಿ, ಮಸಾಲೆ ಪುಡಿ ಬೇಕು. ಕೆಲವಕ್ಕೆ ತೆರಿಗೆ ಇದೆ, ಕೆಲವಕ್ಕೆ ಇಲ್ಲ, ಅದನ್ನು ಮೊದಲೇ ವಿಚಾರಿಸಬೇಕು. ಆದರೆ ಯಾವ ಮೀನು ಯಾವ ಕಾಲದಲ್ಲಿ ಒಣಗಿಸಿದರೆ ರುಚಿ, ಎಷ್ಟು ದಿನ ಕೆಡದೆ ನಿಲ್ಲುತ್ತದೆ ಎಂಬುದು ಸೂರತ್‌ನ ಸಗಟು ವ್ಯಾಪಾರಿಗೆ ಗೊತ್ತಿಲ್ಲ, ಉಪ್ಪಳದ ಉಮ್ಮನಿಗೆ ಗೊತ್ತು. ಬೇರೆಯವರು ಸುಲಭವಾಗಿ ನಕಲು ಮಾಡಲಾಗದ ಬಂಡವಾಳ ಅದು.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ. ಕೊಂಡವರು ಮೂರು ತಿಂಗಳೊಳಗೆ ಮತ್ತೆ ಕೊಳ್ಳುತ್ತಾರೆಯೇ? ಅಳತೆ, ಬಣ್ಣದ ಜಗಳ ಇದೆಯೇ? ಮಳೆಗಾಲದ ಪ್ರಯಾಣವನ್ನು ಮಾಲು ತಾಳುತ್ತದೆಯೇ? ಗಡಿ ದಾಟಿದರೆ ಯಾವ ಕಾಗದ ಬೇಕು? ರಮಝಾನ್ ಮುಗಿದ ಮೇಲೂ ಬೇಡಿಕೆ ಇರುತ್ತದೆಯೇ? ಹತ್ತು ತುಂಡು ತಂದು, ಸಂಬಂಧಿಕರಲ್ಲದ ಹತ್ತು ಮಂದಿಗೆ ಮಾರಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸಂಬಂಧಿಕರು ಮರ್ಯಾದೆಗೆ ಕೊಳ್ಳುತ್ತಾರೆ, ಅದನ್ನು ಬೇಡಿಕೆ ಎಂದು ತಿಳಿಯಬಾರದು.

ಬಂಡವಾಳಕ್ಕೆ ಒಡವೆಯೊಂದೇ ದಾರಿ ಅಲ್ಲ. ಕನಿಷ್ಠ ಎರಡು ವರ್ಷ ವಿದೇಶದಲ್ಲಿ ದುಡಿದು ಮರಳಿದ ಕೇರಳದವರಿಗೆ ನೋರ್ಕಾ ಇಲಾಖೆಯ ಎನ್‌ಡಿಪ್ರೆಮ್ ಯೋಜನೆ ಇದೆ. 30 ಲಕ್ಷ ರೂ.ವರೆಗಿನ ಉದ್ಯಮಕ್ಕೆ ಶೇ.15ರಷ್ಟು, ಗರಿಷ್ಠ 3 ಲಕ್ಷ ರೂ. ಸಹಾಯಧನ ಸಿಗುತ್ತದೆ. ಕಾಸರಗೋಡು ಜಿಲ್ಲೆಯ ಕನ್ನಡಿಗರೂ ಬ್ಯಾರಿಗಳೂ ಇದಕ್ಕೆ ಅರ್ಹರು. ಅರ್ಜಿಗೆ ಯೋಜನಾ ವರದಿ ಬೇಕು. ಅದನ್ನು ಬರೆಯಲು ಕೂತರೆ ವಾಪಸಾತಿ, ಕೊರಿಯರ್, ತೆರಿಗೆಯ ಲೆಕ್ಕವನ್ನು ಹೇಗೂ ಹಾಕಲೇಬೇಕಾಗುತ್ತದೆ.

ಬ್ಯಾರಿ ಎಂಬ ಹೆಸರೇ ‘ಬ್ಯಾರ’, ಅಂದರೆ ತುಳುವಿನ ವ್ಯಾಪಾರ ಎಂಬ ಪದದಿಂದ ಬಂತು ಎಂಬ ವಾದವಿದೆ. ಹಿಂದೆ ತಲೆಹೊರೆಯಲ್ಲಿ, ಸೈಕಲ್‌ನಲ್ಲಿ ಮೀನು, ಬಟ್ಟೆ ಮಾರಿದವರು ಯಾವ ಮನೆಗೆ ಏನು ಬೇಕು ಎಂದು ತಿಳಿದೇ ಹೊರಡುತ್ತಿದ್ದರು. ಯಾಕೆಂದರೆ ಮಾರಾಟವಾಗದ ಹೊರೆಯನ್ನು ಸಂಜೆ ಅವರೇ ಹೊತ್ತು ವಾಪಸ್ ಬರಬೇಕಿತ್ತು. ಇಂದು ಆ ಹೊರೆಯನ್ನು ಕೊರಿಯರ್‌ನವನು ತಂದು ಬಾಗಿಲಲ್ಲಿ ಇಡುತ್ತಾನೆ, ಅದರ ಬಾಡಿಗೆಯನ್ನು ಮಾರಿದವನೇ ಕೊಡುತ್ತಾನೆ.