ಬಾಯಿಯ ಬಿಳುಪೆಲ್ಲ ಉಷ್ಣವಲ್ಲ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಭಾಗದ ಭಕ್ತರು ಬಾಯಿಯ ತೊಂದರೆಯೆಂದು ಬಂದಾಗ ಹೇಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: “ಉಷ್ಣ ಆಗಿದೆ ಡಾಕ್ಟ್ರೇ, ತಂಪಿಗೆ ಏನಾದರೂ ಕೊಡಿ.” ನಾಲಿಗೆ ಬೆಳ್ಳಗಾದರೂ ಉಷ್ಣ, ಕೆನ್ನೆಯೊಳಗೆ ಉರಿದರೂ ಉಷ್ಣ, ತುಟಿಯ ಅಂಚು ಒಡೆದರೂ ಉಷ್ಣ. ಆಯುರ್ವೇದವನ್ನೇ ಓದಿ, ಅದನ್ನೇ ಕಾಯಕವಾಗಿ ನಂಬಿದ ನಾನು ಇಂದು ಬರೆಯುತ್ತಿರುವುದು ಈ ಮಾತಿನ ವಿರುದ್ಧವೇ. ಸುಶ್ರುತಾಚಾರ್ಯರು ಮುಖರೋಗಗಳನ್ನು 65 ಬಗೆಯಾಗಿ ವಿಂಗಡಿಸಿದ್ದಾರೆ. ಅವೆಲ್ಲವನ್ನೂ ನಾವು ಒಂದೇ ಹೆಸರಿಗೆ ಇಳಿಸಿದರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಬಿಳುಪಿಗೆ ಸಾಮಾನ್ಯ ಕಾರಣಗಳಲ್ಲೊಂದು ಕ್ಯಾಂಡಿಡಾ ಎಂಬ ಶಿಲೀಂಧ್ರ, ಅಂದರೆ ಒಂದು ಜಾತಿಯ ಬೂಷ್ಟು. ಆರೋಗ್ಯವಂತರಾದ ಅನೇಕರ ಬಾಯಿಯಲ್ಲೂ ಅದು ತೊಂದರೆ ಕೊಡದೆ ಇರುತ್ತದೆ. ದೇಹಬಲ ಕುಗ್ಗಿದಾಗ ಹೆಚ್ಚಿಕೊಂಡು ಮೊಸರಿನ ಗಟ್ಟಿಯಂತೆ ನಾಲಿಗೆ, ಕೆನ್ನೆ, ಅಂಗುಳಗಳ ಮೇಲೆ ಕೂರುತ್ತದೆ. ವೈದ್ಯರು ಗಾಜ್ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಈ ಪದರ ಕಿತ್ತುಬಂದು ಕೆಳಗೆ ಕೆಂಪು ಚರ್ಮ ಕಾಣುತ್ತದೆ. ಸಂದೇಹವಿದ್ದರೆ ಆ ಪದರವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ.

ಹಸುಗೂಸುಗಳಲ್ಲಿ ಇದು ಸಾಮಾನ್ಯ. ಆದರೆ ನಮ್ಮ ಮನೆಗಳಲ್ಲಿ ಅಜ್ಜಿಯರು ಬಿಳಿಗಾರವನ್ನು ಜೇನುತುಪ್ಪದಲ್ಲಿ ಕಲಸಿ ಕೂಸಿನ ಬಾಯಿಗೆ ಹಚ್ಚುವ ರೂಢಿ ಇನ್ನೂ ಇದೆ. ಪ್ರೀತಿಯಿಂದಲೇ ಹಚ್ಚುತ್ತಾರೆ, ಆದರೂ ಇದನ್ನು ನಿಲ್ಲಿಸಬೇಕು. ಬಿಳಿಗಾರ ಕೂಸಿನ ಮೈಯಲ್ಲಿ ಸೇರಿ ವಿಷವಾಗಿ ಫಿಟ್ಸ್ ತರಬಲ್ಲದು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವೂ ಅಪಾಯಕಾರಿ, ಏಕೆಂದರೆ ಅದರಲ್ಲಿರಬಹುದಾದ ರೋಗಾಣು ಬೀಜಗಳು ಮಗುವಿನ ನರಗಳನ್ನು ಸೋಲಿಸುವ ವಿಷವನ್ನು ಉಂಟುಮಾಡಬಲ್ಲವು. ಮಕ್ಕಳ ವೈದ್ಯರು ಕೊಡುವ ನಿಸ್ಟಾಟಿನ್ ಹನಿಯಂತಹ ಔಷಧ ಸಾಕು. ಹಾಲೂಡಿಸುವ ತಾಯಿಯ ಸ್ತನಾಗ್ರಕ್ಕೂ ಸೋಂಕು ತಗಲಿದ್ದರೆ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು.

ದೊಡ್ಡವರಲ್ಲಿ ಬೂಷ್ಟು ಕಂಡರೆ “ಏಕೆ ಬಂತು?” ಎಂದು ಕೇಳಲೇಬೇಕು. ಸಕ್ಕರೆ ಕಾಯಿಲೆ ಇರುವುದೇ ತಿಳಿಯದ ಎಷ್ಟೋ ಜನರಿಗೆ ಅದರ ಮೊದಲ ಸುಳಿವು ಬಾಯಿಯಲ್ಲೇ ದೊರೆಯುವುದುಂಟು. ಆದ್ದರಿಂದ ರಕ್ತದ ಸಕ್ಕರೆ ಪರೀಕ್ಷೆ ಆಗಲೇಬೇಕು. ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಸೇದುವವರು ಪ್ರತಿ ಸಲವೂ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಬೇಕು. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು, ತೊಳೆದಿಡಬೇಕು. ದೀರ್ಘಕಾಲ ಆ್ಯಂಟಿಬಯಾಟಿಕ್ ತೆಗೆದುಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಎಚ್‌ಐವಿ ಇರುವವರು ಹೆಚ್ಚು ಎಚ್ಚರದಿಂದಿರಬೇಕು.

ನನ್ನ ಶಾಸ್ತ್ರದ ತ್ರಿಫಲಾ ಕಷಾಯದಿಂದ ಬಾಯಿ ಮುಕ್ಕಳಿಸುವುದು ದೊಡ್ಡವರ ಬಾಯಿಯ ಶುದ್ಧಿಗೆ ಒಳ್ಳೆಯದು. ಆದರೆ ಬೂಷ್ಟು ಬಲಿತಾಗ ಕ್ಲೋಟ್ರಿಮಜೋಲ್ ಲೇಪ ಅಥವಾ ಫ್ಲುಕೋನಜೋಲ್ ಮಾತ್ರೆ ಬೇಕೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಸಾಮಾನ್ಯವಾಗಿ 7ರಿಂದ 14 ದಿನಗಳ ಚಿಕಿತ್ಸೆ. ಬಿಳುಪು ಹೋಯಿತೆಂದು ನಡುವೆ ಬಿಡಬಾರದು. ಫ್ಲುಕೋನಜೋಲ್ ಅನ್ನು ಅಂಗಡಿಯಿಂದ ತಾವೇ ತಂದು ನುಂಗಬಾರದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಹಾಗೂ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ ಜೊತೆ ಅದು ತೊಂದರೆ ಮಾಡುತ್ತದೆ.

ಇನ್ನೊಂದು ಮಾತು, ನಮ್ಮ ಸೀಮೆಗೆ ಕಹಿಯಾದದ್ದು. ಒರೆಸಿದರೂ ಹೋಗದ ಬಿಳಿ ಕಲೆ ಬೂಷ್ಟಲ್ಲದೆ ಕ್ಯಾನ್ಸರಿನ ಮುನ್ಸೂಚನೆ ಇರಬಹುದು. ಬಹಳ ವರ್ಷಗಳ ಹಿಂದೆ ಅಡಿಕೆ ಸುಲಿಯುವ ಕಾಯಕದ ಹಿರಿಯರೊಬ್ಬರು ಕೆನ್ನೆಯ ಬಿಳುಪು ತೋರಿಸಿದಾಗ ನಾನೂ ಅದನ್ನು ಒರೆಸಿ ನೋಡದೆ, ಮೂರು ವಾರ ಮುಕ್ಕಳಿಸಲು ಕಷಾಯ ಕೊಟ್ಟೆ. ಬಳಿಕ ದಾವಣಗೆರೆಯಲ್ಲಿ ತುಣುಕು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ತಿಳಿಯಿತು. ಆ ಮೂರು ವಾರಗಳು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಅಡಿಕೆ ಅನೇಕ ಮನೆಗಳ ಅನ್ನ. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಗುರುತಿಸಿದ ಸಂಗತಿಯನ್ನು ವೈದ್ಯನಾಗಿ ನಾನು ಮುಚ್ಚಿಡಲಾರೆ. ಅಡಿಕೆ, ಗುಟ್ಕಾ ಜಗಿಯುವವರಿಗೆ ಖಾರ ತಿಂದರೆ ಉರಿ, ಬಾಯಿ ತೆರೆಯಲು ಬಿಗಿತ ಕಂಡರೆ ತಡಮಾಡಬೇಡಿ.

2021ರ ಕೋವಿಡ್ ಅಲೆಯಲ್ಲಿ ಕೇಳಿದ ‘ಕಪ್ಪು ಶಿಲೀಂಧ್ರ’ ಬೇರೆಯೇ ರೋಗ. ಅತಿಯಾದ ಸಕ್ಕರೆ ಕಾಯಿಲೆ ಇರುವವರಿಗೆ ಅಂಗುಳ ಕಪ್ಪಾಗಿ, ಮುಖ ಊದಿ ನೋವಾದರೆ ಅದೇ ದಿನ ದೊಡ್ಡ ಆಸ್ಪತ್ರೆ ಸೇರಬೇಕು.

ನೆರವು ದೂರವಿಲ್ಲ. ಜಗಳೂರು, ಚನ್ನಗಿರಿಯವರಿಗೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ ಮತ್ತು ಅಲ್ಲಿನ ದಂತ ವೈದ್ಯಕೀಯ ಕಾಲೇಜುಗಳಿವೆ. ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ.

ನಿತ್ಯ ವಿಭೂತಿ ಧರಿಸಲು ಕನ್ನಡಿಯ ಮುಂದೆ ನಿಲ್ಲುವ ತಾವು ವಾರಕ್ಕೊಮ್ಮೆ ಬಾಯಿ ತೆರೆದು, ನಾಲಿಗೆ ಎತ್ತಿ, ಕೆನ್ನೆ ಸರಿಸಿ ನೋಡಿಕೊಳ್ಳಿ. ಎರಡು ವಾರವಾದರೂ ಮಾಸದ ಬಿಳುಪು, ಕೆಂಪು, ಹುಣ್ಣು ಕಂಡರೆ ಉಷ್ಣವೆಂದು ಕೂರದೆ ವೈದ್ಯರಿಗೆ ತೋರಿಸಿ.